ಸೂಪರ್‌ಚಾರ್ಜರ್ ಅವರದು, ಧೂಳು ನಮ್ಮದು

ನಮ್ಮೂರ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ರಾತ್ರಿ ಒಂಬತ್ತರ ಮೇಲೆ ಐದಾರು ಹುಡುಗರು ಒಂದೇ ಫೋನಿಗೆ ತಲೆ ಕೊಟ್ಟು ಕೂತಿರುತ್ತಾರೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ನಾನೂ ಹೋಗಿ ಕೂತೆ. ಕ್ರಿಕೆಟ್ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಅಮೆರಿಕದ ಯಾವುದೋ ಗ್ಯಾರೇಜಿನಲ್ಲಿ ಒಬ್ಬಾತ ಮಸ್ಟ್ಯಾಂಗ್ ಕಾರಿನ ಬಾನೆಟ್ ಎತ್ತಿ ಸೂಪರ್‌ಚಾರ್ಜರ್ ಕೂರಿಸುತ್ತಿದ್ದ. ಹನ್ನೆರಡು ನಿಮಿಷದ ವಿಡಿಯೊ. ಹಳೆಯದು ಬಿಚ್ಚಿದ, ಹೊಸದು ಇಟ್ಟ, ಬೆಲ್ಟ್ ಏರಿಸಿದ, ಗಾಳಿ ಎಳೆಯುವ ದಪ್ಪನೆಯ ಪೈಪು, ಅದರ ತುದಿಗೆ ಕೆಂಪು ಫಿಲ್ಟರ್ ಜೋಡಿಸಿದ, ಸ್ಟಾರ್ಟ್ ಮಾಡಿದ. ಕಾರು ಕೂಗಿತು. ಕಟ್ಟೆ ಮೇಲಿನ ಹುಡುಗರೂ ಕೂಗಿದರು.

ಅವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಇದ್ದ. "ಅಣ್ಣಾ, ನನ್ನ ಗಾಡಿಗೂ ಹಾಕ್ಸೇನಿ, ಬಾ ತೋರಿಸ್ತೇನಿ" ಅಂದ. ಸೂಪರ್‌ಚಾರ್ಜರ್ ಅಲ್ಲ, ಅದೇ ಬಣ್ಣದ ಕೋನ್ ಫಿಲ್ಟರ್. ಸಾಲದ ಕಂತು ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇರುವ 150 ಸಿಸಿ ಬೈಕಿನ ಏರ್ ಬಾಕ್ಸ್ ಕಿತ್ತು, ಆ ಜಾಗದಲ್ಲಿ ಬೆತ್ತಲೆ ಫಿಲ್ಟರ್ ಸಿಕ್ಕಿಸಿಕೊಂಡು ಬಂದಿದ್ದ. ಜೊತೆಗೆ ಸದ್ದು ಮಾಡುವ ಸೈಲೆನ್ಸರ್. ಫಿಲ್ಟರಿಗೆ 900, ಸೈಲೆನ್ಸರಿಗೆ 3,500, ಕೂಲಿ 300. ತಾಲ್ಲೂಕು ಪೇಟೆಯ ಅಂಗಡಿಯವನು ಹೇಳಿದ್ದು: "ಇದು ಅಮೆರಿಕಾ ಟೆಕ್ನಿಕ್, ಪಿಕಪ್ ಡಬಲ್."

ಹುಡುಗರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಎಂಜಿನ್ ಬಿಚ್ಚಿ ನೋಡಬೇಕು ಅನ್ನುವ ಆಸೆ ನನ್ನ ಮಟ್ಟಿಗೆ ಒಳ್ಳೆಯ ಆಸೆ. ನನ್ನ ಸಿಟ್ಟು ಇರುವುದು ಆ ಆಸೆಗೆ ಸುಳ್ಳು ಮಾರುವವರ ಮೇಲೆ, ಮತ್ತು ಮಾರಿದವನನ್ನು ಬಿಟ್ಟು ಕೊಂಡವನ ಕೊರಳಪಟ್ಟಿ ಹಿಡಿಯುವ ವ್ಯವಸ್ಥೆಯ ಮೇಲೆ.

ಮೊದಲು ಆ ವಿಡಿಯೊದಲ್ಲಿ ನಿಜವಾಗಿ ಏನು ನಡೆಯುತ್ತಿತ್ತು ಅಂತ ನೋಡೋಣ.

ಸೂಪರ್‌ಚಾರ್ಜರ್ ಅಂದರೆ ಕಮ್ಮಾರನ ತಿದಿ. ಕುಲುಮೆಗೆ ತಿದಿ ಒತ್ತಿದರೆ ಕೆಂಡ ಕೆಂಪಗಾಗುವುದು ಗಾಳಿ ಹೆಚ್ಚು ಸಿಕ್ಕಿದ್ದಕ್ಕೆ. ಇದು ಬರೀ ಹೋಲಿಕೆಯಲ್ಲ, ಇತಿಹಾಸವೂ ಹೌದು. ಇಂದಿಗೂ ಕಾರುಗಳಲ್ಲಿ ಕಾಣುವ 'ರೂಟ್ಸ್' ಮಾದರಿಯ ಬ್ಲೋವರನ್ನು ರೂಪಿಸಿದ ರೂಟ್ಸ್ ಸಹೋದರರು ಅಮೆರಿಕದ ಇಂಡಿಯಾನಾದವರು. ಅವರು 1860ರ ದಶಕದಲ್ಲಿ ಆ ಯಂತ್ರ ಮಾರುತ್ತಿದ್ದದ್ದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದಲು. ಪೆಟ್ರೋಲ್ ಕಾರು ಆಗಿನ್ನೂ ಹುಟ್ಟಿರಲಿಲ್ಲ.

ಮಾಮೂಲಿ ಎಂಜಿನ್ ತಾನೇ ಉಸಿರೆಳೆದುಕೊಳ್ಳುತ್ತದೆ. ಮಸ್ಟ್ಯಾಂಗಿನ 5 ಲೀಟರ್ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಲೆಕ್ಕದ ಪ್ರಕಾರ 17,500 ಲೀಟರ್ ಗಾಳಿ ನುಂಗುತ್ತದೆ. ಮನೆಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಹದಿನೇಳೂವರೆ, ಒಂದೇ ನಿಮಿಷಕ್ಕೆ. ಸೂಪರ್‌ಚಾರ್ಜರ್ ಆ ಗಾಳಿಯನ್ನು ಒತ್ತಿ ತುರುಕುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಕಿಟ್ ಅದರ ಮೇಲೆ ಇನ್ನೊಂದು 8 ಸೇರಿಸಿದರೆ ಒತ್ತಡ ಒಂದೂವರೆ ಪಟ್ಟು ದಾಟುತ್ತದೆ. ಟರ್ಬೊ ಕೂಡ ಇದನ್ನೇ ಮಾಡುತ್ತದೆ, ಆದರೆ ಹೊರಹೋಗುವ ಹೊಗೆಯ ಬಲದಿಂದ. ಸೂಪರ್‌ಚಾರ್ಜರ್ ಓಡುವುದು ಎಂಜಿನ್ನಿನದೇ ಬೆಲ್ಟಿನಿಂದ, ಹಿಟ್ಟಿನ ಗಿರಣಿಯ ಹಾಗೆ. ಅಂದರೆ ಶಕ್ತಿ ಕೊಡುವ ಮೊದಲು ಒಂದಿಷ್ಟು ಶಕ್ತಿಯನ್ನು ಅದೇ ತಿನ್ನುತ್ತದೆ.

ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲ್ ಬೇಕು. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು (ಎರಡು ಕಡೆ 14.7 ಬಂದದ್ದು ಕಾಕತಾಳೀಯ, ಗೊಂದಲ ಬೇಡ). ಗಾಳಿ ಹೆಚ್ಚಿಸಿ ಪೆಟ್ರೋಲ್ ಹೆಚ್ಚಿಸದಿದ್ದರೆ ಎಂಜಿನ್ ಬಿಸಿಯಾಗಿ ಸಾಯುತ್ತದೆ. ಹಾಗಾಗಿ ದೊಡ್ಡ ಇಂಜೆಕ್ಟರ್ ಬೇಕು. ಇನ್ನೊಂದು ತೊಂದರೆ ಬಿಸಿಯದು. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿ, ಕೈ ಸುಡುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಒಳಗೆ ಹೋದರೆ ಪೆಟ್ರೋಲ್ ಕಿಡಿಯ ಉರಿ ತಲುಪುವ ಮೊದಲೇ, ಬೇಕಾಬಿಟ್ಟಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು 'ನಾಕಿಂಗ್' ಅನ್ನುವುದು ಇದನ್ನೇ. ಒಳಗೆ ಯಾರೋ ಸುತ್ತಿಗೆಯಿಂದ ಪಿಸ್ಟನ್ ತಲೆಗೆ ಹೊಡೆದ ಹಾಗೆ. ಇದನ್ನು ತಪ್ಪಿಸಲು ಇಂಟರ್‌ಕೂಲರ್, ಅದಕ್ಕೆ ಪ್ರತ್ಯೇಕ ನೀರಿನ ಪಂಪು, ಕಾರಿನ ಮುಂದೆ ಇನ್ನೊಂದು ರೇಡಿಯೇಟರ್. ಇಷ್ಟಾದ ಮೇಲೆ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಬೇಕು: ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್, ಕಿಡಿ ಯಾವಾಗ. ಆಮೇಲೆ ಕಾರನ್ನು ಡೈನೊ ಎಂಬ ಉರುಳೆಗಳ ಮೇಲೆ ಓಡಿಸಿ, ಹೊಗೆಯಲ್ಲಿರುವ ಆಮ್ಲಜನಕ ಅಳೆದು, ಮತ್ತೆ ತಿದ್ದಿ, ಮತ್ತೆ ಓಡಿಸಬೇಕು. ಕೈ ಪಳಗಿದವರಿಗೂ ಎರಡು ದಿನದ ಕೆಲಸ. 460 ಅಶ್ವಶಕ್ತಿಯ ಕಾರು 700ರ ಹತ್ತಿರ ಹೋಗುವುದು ಹೀಗೆ. ಕಿಟ್ ಒಂದಕ್ಕೇ ನಮ್ಮ ಲೆಕ್ಕದಲ್ಲಿ ಏಳೆಂಟು ಲಕ್ಷ ರೂಪಾಯಿ.

ಈಗ ಆ ಹನ್ನೆರಡು ನಿಮಿಷದ ವಿಡಿಯೊ ಮತ್ತೆ ನೆನಪಿಸಿಕೊಳ್ಳಿ. ಪೈಪು ಮತ್ತು ಫಿಲ್ಟರ್ ಕೂರಿಸುವುದಕ್ಕೆ ಎರಡು ನಿಮಿಷ. ಡೈನೊ, ಕಂಪ್ಯೂಟರ್, ಅಳತೆ, ಎಲ್ಲ ಸೇರಿ ಇಪ್ಪತ್ತು ಸೆಕೆಂಡು, ಅದೂ ಹಾಡು ಹಾಕಿ ಓಡಿಸಿದ್ದು. ಬೇಸರ ತರಿಸುವ ಭಾಗವನ್ನು ಕತ್ತರಿಸಿದ್ದಾರೆ. ನಿಜವಾದ ಕೆಲಸ ಇದ್ದದ್ದು ಆ ಕತ್ತರಿಸಿದ ಭಾಗದಲ್ಲೇ. ನಮ್ಮ ಪೇಟೆಯ ಅಂಗಡಿಗೆ ಬಂದು ಇಳಿದದ್ದು ಉಳಿದ ಚೂರು: ಕೆಂಪು ಫಿಲ್ಟರ್ ಮತ್ತು ಸದ್ದು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅಮೆರಿಕದ ಕಿಟ್‌ಗಳ ಮೇಲೆ '91 ಆಕ್ಟೇನ್ ಪೆಟ್ರೋಲ್ ಬೇಕು' ಅಂತ ಬರೆದಿರುತ್ತದೆ. ನಮ್ಮ ಬಂಕಿನ ಸಾದಾ ಪೆಟ್ರೋಲ್ ವರ್ಷಗಟ್ಟಲೆ 91 ಅಂತಲೇ ಇತ್ತಲ್ಲ, ಸರಿಹೋಯಿತು ಅಂತ ನಮ್ಮ ಹುಡುಗರು ತಿಳಿಯುತ್ತಾರೆ. ಎರಡೂ 91 ಒಂದೇ ಅಲ್ಲ. ಅಲ್ಲಿ ಎರಡು ಬಗೆಯ ಪರೀಕ್ಷೆಯ ಸರಾಸರಿ ಬರೆಯುತ್ತಾರೆ, ನಮ್ಮಲ್ಲಿ ಒಂದೇ ಬಗೆಯದು, ಅದರಲ್ಲೂ ಹೆಚ್ಚು ಅಂಕ ಬರುವುದು. ಅವರ 91 ಅಂದರೆ ನಮ್ಮ ಅಳತೆಯಲ್ಲಿ 95ಕ್ಕೂ ಮೇಲೆ. ನಮ್ಮ 91 ಅಂದರೆ ಅವರ ಅಗ್ಗದ 87. ಶೇರು ಮತ್ತು ಕಿಲೊ ಒಂದೇ ಅಂದುಕೊಂಡು ಸಂತೆ ಮಾಡಿದ ಹಾಗೆ. 2016ರಲ್ಲಿ ಫೋರ್ಡ್ ಕಂಪನಿ ಈ 5 ಲೀಟರ್ ಮಸ್ಟ್ಯಾಂಗನ್ನು ಭಾರತಕ್ಕೆ ತಂದಾಗ, ಅಮೆರಿಕದಲ್ಲಿ 435 ಇದ್ದ ಅಶ್ವಶಕ್ತಿ ಇಲ್ಲಿ 400ರ ಆಸುಪಾಸಿಗೆ ಇಳಿದಿತ್ತು. ತಯಾರಿಸಿದ ಕಂಪನಿಯೇ ದೇಶ ನೋಡಿ ಲೆಕ್ಕ ಬದಲಿಸುತ್ತದೆ. ತಾಲ್ಲೂಕು ಪೇಟೆಯ ಅಂಗಡಿಗೆ ಮಾತ್ರ ಎಲ್ಲ ಎಂಜಿನ್ನಿಗೂ ಒಂದೇ ಫಿಲ್ಟರ್.

"ಆದರೂ ದೊಡ್ಡ ದೊಡ್ಡವರು ಹಾಕಿಸ್ತಾರಲ್ಲ" ಅಂತ ಕಟ್ಟೆಯಲ್ಲಿ ಒಬ್ಬ ಕೇಳಿದ. ದೊಡ್ಡವರ ಕಥೆಯೇ ಹೇಳುತ್ತೇನೆ. ಇಂಗ್ಲೆಂಡಿನ ಬೆಂಟ್ಲಿ ಕಂಪನಿಯ 1929ರ 'ಬ್ಲೋವರ್ ಬೆಂಟ್ಲಿ' ಜಗತ್ತಿನ ಹೆಸರಾಂತ ಸೂಪರ್‌ಚಾರ್ಜರ್ ಕಾರುಗಳಲ್ಲಿ ಒಂದು. ಜೇಮ್ಸ್ ಬಾಂಡ್ ಸಿನಿಮಾಕ್ಕೆ ಬರುವ ಮೊದಲು, ಕಾದಂಬರಿಯಲ್ಲಿ ಓಡಿಸುತ್ತಿದ್ದದ್ದು ಬ್ಲೋವರ್ ಬೆಂಟ್ಲಿಯನ್ನೇ. ತಮಾಷೆ ಏನೆಂದರೆ ಕಂಪನಿ ಕಟ್ಟಿದ ಡಬ್ಲ್ಯೂ.ಓ. ಬೆಂಟ್ಲಿ ಅವರಿಗೆ ಈ ಕಾರು ಬೇಡವಾಗಿತ್ತು. ತನ್ನ ಎಂಜಿನ್ನಿನ ಸ್ವಭಾವವನ್ನೇ ಇದು ಕೆಡಿಸುತ್ತದೆ ಎಂಬುದು ಅವರ ಹಟ. ಶಕ್ತಿ ಬೇಕೆಂದರೆ ದೊಡ್ಡ ಎಂಜಿನ್ ಕಟ್ಟಿ, ಗಾಳಿ ತುರುಕಬೇಡಿ ಅನ್ನುತ್ತಿದ್ದರು. ಆದರೆ ಅಷ್ಟರಲ್ಲಿ ಕಂಪನಿಯ ಹಿಡಿತ ಹಣ ಹಾಕಿದ ವೂಲ್ಫ್ ಬಾರ್ನಾಟೊ ಕೈಗೆ ಹೋಗಿತ್ತು. ರೇಸುಗಾರ ಟಿಮ್ ಬರ್ಕಿನ್ ಒತ್ತಾಯಕ್ಕೆ ಕಾರು ತಯಾರಾಯಿತು.

ಅದು ವೇಗವಾಗಿ ಓಡಿತು, ಸುಳ್ಳಲ್ಲ. 1930ರ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಬರ್ಕಿನ್ ಅದರಲ್ಲೇ ಎರಡನೆಯವನಾಗಿ ಬಂದ. ಆದರೆ ಯಾವ ಓಟಕ್ಕಾಗಿ ಅದನ್ನು ಕಟ್ಟಿದರೋ ಆ 24 ಗಂಟೆಯ ಲೆ ಮಾನ್ಸ್ ಓಟವನ್ನು ಬ್ಲೋವರ್ ಒಮ್ಮೆಯೂ ಗೆಲ್ಲಲಿಲ್ಲ. 1929, 1930 ಎರಡು ವರ್ಷವೂ ಗೆದ್ದದ್ದು ಡಬ್ಲ್ಯೂ.ಓ. ಅವರ ಸೂಪರ್‌ಚಾರ್ಜರ್ ಇಲ್ಲದ ದೊಡ್ಡ ಎಂಜಿನ್ನಿನ 'ಸ್ಪೀಡ್ ಸಿಕ್ಸ್'. 1930ರಲ್ಲಿ ಬ್ಲೋವರ್‌ಗಳು ಓಟ ಮುಗಿಸಲೇ ಇಲ್ಲ. ಹೆಸರು ಉಳಿದದ್ದು ಮಾತ್ರ ಬ್ಲೋವರ್‌ದು, ಯಾಕೆಂದರೆ ಅದು ನೋಡಲು ಚೆಂದ, ಕೇಳಲು ಇನ್ನೂ ಚೆಂದ. ಆಗ ರೀಲ್ಸ್ ಇರಲಿಲ್ಲ ಅಷ್ಟೆ.

ಸೂಪರ್‌ಚಾರ್ಜರ್ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಮರ್ಸಿಡಿಸ್‌ನಂಥ ಕಂಪನಿಗಳು ಕಾರ್ಖಾನೆಯಲ್ಲೇ ಅದಕ್ಕೆ ತಕ್ಕ ಪಿಸ್ಟನ್, ತಕ್ಕ ಕೂಲಿಂಗ್ ಇಟ್ಟು ಮಾಡಿದ ಕಾರುಗಳು ವರ್ಷಗಟ್ಟಲೆ ಓಡುತ್ತವೆ. ಆಮೇಲೆ ಕೂರಿಸುವ ಕಿಟ್ಟೂ ಬಾಳುತ್ತದೆ, ಅಳೆದು ಕೂರಿಸಿದರೆ.

ಈಗ ನಮ್ಮ ಬೈಕಿಗೆ ಬರೋಣ.

ಏರ್ ಬಾಕ್ಸ್ ಅಂದರೆ ಬರೀ ಪ್ಲಾಸ್ಟಿಕ್ ಡಬ್ಬಿ ಅಂತ ಅಂಗಡಿಯವನು ಹೇಳಿದನಂತೆ. ಆ ಡಬ್ಬಿಯ ಅಳತೆ, ಅದರ ಮೂತಿಯ ಉದ್ದ, ಎಲ್ಲವನ್ನೂ ಎಂಜಿನ್ ಉಸಿರಾಡುವ ಲಯಕ್ಕೆ ಹೊಂದಿಸಿರುತ್ತಾರೆ. ಅದನ್ನು ಕಿತ್ತರೆ ಕೆಳಗಿನ ಗೇರಿನ ಎಳೆತ ಎಷ್ಟೋ ಸಲ ಕಡಿಮೆಯಾಗುತ್ತದೆ. ಹೆಚ್ಚಾಗುವುದು ಸದ್ದು, ಯಾಕೆಂದರೆ ಗಾಳಿ ಎಳೆಯುವ ಸದ್ದನ್ನು ತಡೆಯುತ್ತಿದ್ದದ್ದೂ ಆ ಡಬ್ಬಿಯೇ. ಸದ್ದು ಹೆಚ್ಚಾದರೆ ಗಾಡಿ ಜೋರಾದಂತೆ ಅನ್ನಿಸುತ್ತದೆ. ನಾವು ಒಂದು ಬೆಳಿಗ್ಗೆ ಕಾಲುವೆ ಪಕ್ಕದ ಖಾಲಿ ದಾರಿಯಲ್ಲಿ ಪರೀಕ್ಷೆ ಮಾಡಿದೆವು. ತಮ್ಮನ ಗಾಡಿ ಮತ್ತು ಅವನ ಗೆಳೆಯನ ಅದೇ ಮಾಡೆಲ್ಲಿನ, ಏನೂ ಬಿಚ್ಚದ ಗಾಡಿ. ನಿಂತಲ್ಲಿಂದ 60ರ ವೇಗಕ್ಕೆ ಎಷ್ಟು ಸೆಕೆಂಡು ಅಂತ ಫೋನಿನಲ್ಲಿ ಎಣಿಸಿದೆವು. ಮೂರು ಸಲವೂ ಬಿಚ್ಚದ ಗಾಡಿಯೇ ಮೊದಲು ಮುಟ್ಟಿತು. ಇದೇನು ದೊಡ್ಡ ಪ್ರಯೋಗವಲ್ಲ, ಇಬ್ಬರ ತೂಕವೂ ಬೇರೆ. ಆದರೂ 'ಡಬಲ್ ಪಿಕಪ್' ಎಲ್ಲಿ ಹೋಯಿತು ಅಂತ ಕೇಳಲು ಅಷ್ಟು ಸಾಕು.

ಅದಕ್ಕಿಂತ ಕೆಟ್ಟದ್ದು ಧೂಳು. ಆ ಬೈಕು ಪೂರ್ತಿ ಓಡುವಾಗ ನಿಮಿಷಕ್ಕೆ 600 ಲೀಟರ್, ಅಂದರೆ ಮೂರು ಡ್ರಮ್ ಗಾಳಿ ಎಳೆಯುತ್ತದೆ. ಡಾಂಬರು ಕಾಣದ ಹೊಲದ ದಾರಿಯಲ್ಲಿ, ಮುಂದೆ ಗೋವಿನಜೋಳದ ಟ್ರ್ಯಾಕ್ಟರ್ ಹೋಗುತ್ತಿರುವಾಗ, ಆ ಮೂರು ಡ್ರಮ್ಮಿನಲ್ಲಿ ಏನೇನಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಂಪನಿಯ ಪೇಪರ್ ಫಿಲ್ಟರ್ ಡಬ್ಬಿಯೊಳಗೆ ಬಚ್ಚಿಟ್ಟುಕೊಂಡು ಅದನ್ನೆಲ್ಲ ತಡೆಯುತ್ತದೆ. 900 ರೂಪಾಯಿಯ ಕೋನ್ ಹಿಂಚಕ್ರದ ಮುಂದೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ಒಳಹೋದ ಸಣ್ಣ ಮರಳು ಎಂಜಿನ್ ಆಯಿಲ್ ಜೊತೆ ಸೇರಿದರೆ ಅದೇ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್. ಪಿಸ್ಟನ್ ಮೇಲೆ ಕೆಳಗೆ ಹೋದಷ್ಟು ಸಲ ಬೋರು ಸವೆಯುತ್ತದೆ. ಮಳೆಗಾಲದಲ್ಲಿ ಅದೇ ಬಾಯಿಗೆ ನೀರು.

ಕಾರಿನವರಿಗೂ ಇದು ಗೊತ್ತಿರಲಿ. 'ಕೋಲ್ಡ್ ಏರ್ ಇನ್‌ಟೇಕ್' ಅಂತ ಮಾರುವ ಪೈಪು ಹಲವು ಸಲ ಫಿಲ್ಟರನ್ನು ಬಂಪರಿನ ಹಿಂದೆ, ಕೆಳಗೆ ಇಳಿಸಿ ಕೂರಿಸುತ್ತದೆ. ಹಳ್ಳ ದಾಟುವಾಗ ಅದು ಗಾಳಿಯ ಬದಲು ನೀರು ಎಳೆದರೆ ಎಂಜಿನ್ ಕನೆಕ್ಟಿಂಗ್ ರಾಡ್ ಬಾಗಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಇಷ್ಟಕ್ಕೂ ಈಗಿನ ಬಹುತೇಕ ಕಾರುಗಳಿಗೆ ಕಂಪನಿಯೇ ಹೊರಗಿನ ತಂಪು ಗಾಳಿ ಬರುವಂತೆ ಪೈಪು ಇಟ್ಟಿರುತ್ತದೆ.

ನನಗೆ ನಗು ಬರುವುದೋ ಅಳು ಬರುವುದೋ ತಿಳಿಯದ ವಿಷಯ ಒಂದಿದೆ. ನಮ್ಮ ಚಿಕ್ಕಪ್ಪ ಸುಗ್ಗಿಯಲ್ಲಿ ದಿನಾ ಬೆಳಿಗ್ಗೆ ಟ್ರ್ಯಾಕ್ಟರಿನ ಏರ್ ಕ್ಲೀನರ್ ಬಟ್ಟಲು ಬಿಚ್ಚಿ ಧೂಳು ಕೊಡವುತ್ತಾನೆ, ಕೆಳಗಿನ ಆಯಿಲ್ ಕೆಸರಾಗಿದೆಯಾ ನೋಡುತ್ತಾನೆ. ಇಪ್ಪತ್ತು ವರ್ಷದಿಂದ ಆ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿಲ್ಲ. ಅದೇ ಅಂಗಳದಲ್ಲಿ ಮಗ ಬೈಕಿನ ಏರ್ ಬಾಕ್ಸನ್ನೇ ಬೇಡ ಅಂತ ಬಿಟ್ಟು ಬಂದಿದ್ದಾನೆ. ಅಪ್ಪನಿಗೆ ಗೊತ್ತಿರುವುದು ಮಗನಿಗೆ ತಲುಪಲಿಲ್ಲ, ಅಂಗಡಿಯವನ ಮಾತು ತಲುಪಿತು.

ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಬೋರು, ಪಿಸ್ಟನ್, ರಿಂಗು ಸೇರಿ ರಿಪೇರಿಗೆ 11,000. ಮಾಡಿಫೈ ಮಾಡಿದ ಗಾಡಿ ಅಂತ ವಾರಂಟಿ ಇಲ್ಲ ಅಂದರು. ಅದರ ನಡುವೆ ಪೇಟೆಯಲ್ಲಿ ಪೊಲೀಸರು ಹಿಡಿದು ದಂಡ ಹಾಕಿದ್ದು ಬೇರೆ.

ದಂಡ ತಪ್ಪು ಅನ್ನುವುದಿಲ್ಲ. ಸದ್ದಿನ ಸೈಲೆನ್ಸರ್ ಹಾಕಿಕೊಂಡು ಬಾಣಂತಿ ಮನೆ ಮುಂದೆ, ಆಸ್ಪತ್ರೆ ಮುಂದೆ ಹೋಗುವವನಿಗೆ ದಂಡ ಬೀಳಲೇಬೇಕು. ಕಾನೂನೂ ಸ್ಪಷ್ಟವಾಗಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ ಹೀಗೆ ಬದಲಾಯಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಮಾಲೀಕನಿಗೆ. ಗಮನಿಸಿ. ವರ್ಷಕ್ಕೊಮ್ಮೆ ಯಾವುದಾದರೂ ಊರಿನಲ್ಲಿ ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ನಾವು ಪತ್ರಿಕೋದ್ಯಮ ಓದಿದವರು ಆ ಫೋಟೊಗೆ ಕ್ಯಾಪ್ಶನ್ ಬರೆದು ಸುಮ್ಮನಾಗುತ್ತೇವೆ. ಆ ಸೈಲೆನ್ಸರುಗಳನ್ನು ಮಾರಿದ ಅಂಗಡಿ ಯಾವುದು ಅಂತ ಒಬ್ಬರೂ ಕೇಳುವುದಿಲ್ಲ. ತಮ್ಮನಿಗೆ ಫಿಲ್ಟರ್ ಹಾಕಿದ ಅಂಗಡಿ ಪೊಲೀಸ್ ಠಾಣೆಯಿಂದ ಕೂಗಳತೆಯಲ್ಲಿದೆ. ಹೊರಗೆ ಬೋರ್ಡು, ಬೋರ್ಡಿಗೆ ಲೈಟು. ಅವನು ಬಿಲ್ ಕೂಡ ಕೊಡುವುದಿಲ್ಲ.

ಯಾವ ದೇಶದ ವಿಡಿಯೊ ತೋರಿಸಿ ಇದನ್ನೆಲ್ಲ ಮಾರುತ್ತಾರೋ ಆ ದೇಶದಲ್ಲಿ ಏನಾಯಿತು ನೋಡಿ. 2016ರಲ್ಲಿ ಹಾರ್ಲೆ ಡೇವಿಡ್ಸನ್ ಕಂಪನಿ, ಬೈಕಿನ ಶಕ್ತಿ ಏರಿಸಿ ಹೊಗೆಯನ್ನೂ ಏರಿಸುವ 'ಸೂಪರ್ ಟ್ಯೂನರ್' ಸಾಧನ ಮಾರಿದ ಆರೋಪದ ಮೇಲೆ 1 ಕೋಟಿ 20 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಮಾರಾಟ ನಿಲ್ಲಿಸಿ, ಅಂಗಡಿಗಳಲ್ಲಿದ್ದ ಸರಕನ್ನು ವಾಪಸ್ ಕೊಂಡು ನಾಶ ಮಾಡಲೂ ಒಪ್ಪಿತು. 2020ರಲ್ಲಿ 'ಡೀಸೆಲ್ ಬ್ರದರ್ಸ್' ಎಂಬ ಟಿವಿ ಕಾರ್ಯಕ್ರಮದವರಿಗೆ ಯೂಟಾ ರಾಜ್ಯದ ಫೆಡರಲ್ ನ್ಯಾಯಾಲಯ ಎಂಟು ಲಕ್ಷ ಡಾಲರಿಗೂ ಮೇಲೆ ದಂಡ ಹಾಕಿತು. ಹೊಗೆ ತಡೆಯುವ ಭಾಗ ಕಿತ್ತ ಟ್ರಕ್ಕುಗಳನ್ನು ಮಾರಿದ್ದು, ಅಂಥ ಭಾಗಗಳನ್ನು ಮಾರಿದ್ದು ತಪ್ಪು. ದಾವೆ ಹೂಡಿದ್ದು ಸರ್ಕಾರವಲ್ಲ, ಆ ಊರಿನ ಗಾಳಿ ಕೆಡುತ್ತಿದೆ ಅಂದ ವೈದ್ಯರ ಸಂಘ.

ಹಾಗಂತ ಅಲ್ಲಿ ಎಲ್ಲವನ್ನೂ ನಿಷೇಧಿಸಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸೂಪರ್‌ಚಾರ್ಜರ್ ಆಗಲಿ ಇನ್‌ಟೇಕ್ ಆಗಲಿ, ಹೊಗೆಯ ಮೇಲೆ ಪರಿಣಾಮ ಬೀರುವ ಭಾಗ ರಸ್ತೆಯ ಕಾರಿಗೆ ಹೋಗಬೇಕಾದರೆ ತಯಾರಕ ಅದನ್ನು ರಾಜ್ಯದ ವಾಯು ಮಂಡಳಿಯಿಂದ ಪಾಸು ಮಾಡಿಸಿ ಒಂದು ನಂಬರ್ ಪಡೆಯಬೇಕು. ಆ ನಂಬರಿನ ಚೀಟಿ ಬಾನೆಟ್ ಒಳಗೆ ಅಂಟಿರುತ್ತದೆ, ಹೊಗೆ ತಪಾಸಣೆಗೆ ಹೋದಾಗ ಅದನ್ನು ನೋಡುತ್ತಾರೆ. ಸಾಬೀತು ಮಾಡುವ ಹೊರೆ ಮಾರುವವನ ಮೇಲೆ.

ನಮಗೂ ಅಂಥದ್ದು ಬೇಕು. ಮಾರುವವನು ಮೊದಲು ಪರೀಕ್ಷೆ ಮಾಡಿಸಲಿ, ನಂಬರ್ ತರಲಿ, ಬಿಲ್ಲಿನ ಮೇಲೆ ಅದನ್ನು ಬರೆಯಲಿ. ನಂಬರ್ ಇಲ್ಲದ ಸರಕು ಸಿಕ್ಕರೆ ರೋಡ್ ರೋಲರ್ ಅಂಗಡಿಯ ಗೋದಾಮಿಗೆ ಹೋಗಲಿ. ಜಿಲ್ಲೆಗೊಂದಾದರೂ ಸರ್ಕಾರಿ ಐಟಿಐ ಅಥವಾ ಪಾಲಿಟೆಕ್ನಿಕ್‌ನಲ್ಲಿ ಬೈಕು ಓಡಿಸಿ ಶಕ್ತಿ ಅಳೆಯುವ ಡೈನೊ ಇಡಲಿ, ತಿಂಗಳಿಗೊಂದು ಭಾನುವಾರ ಹೊರಗಿನ ಹುಡುಗರಿಗೂ ಬಾಗಿಲು ತೆರೆಯಲಿ. ಎಂಜಿನಿಯರಿಂಗ್ ಕಾಲೇಜಿನ ಮಕ್ಕಳಿಗೆ ಗಾಡಿ ಕಟ್ಟುವ ಬಾಹಾ ಸ್ಪರ್ಧೆ ಇದೆ, ಪ್ರಾಯೋಜಕರಿದ್ದಾರೆ. ಕಟ್ಟೆಯ ಮೇಲೆ ಕೂತ ಹುಡುಗನಿಗೆ ಇರುವುದು ಅಂಗಡಿಯವನೊಬ್ಬನೇ.

"ಹವ್ಯಾಸಕ್ಕೂ ಕಲ್ಲು ಹಾಕ್ತೀರಾ" ಅಂತ ಕೆಲವರು ಕೇಳುತ್ತಾರೆ ಅಂತ ಗೊತ್ತು. ಒಳ್ಳೆಯ, ತೊಳೆದು ಮತ್ತೆ ಬಳಸುವ ಹತ್ತಿಯ ಫಿಲ್ಟರುಗಳಿವೆ, ಕಂಪನಿಯ ಡಬ್ಬಿಯೊಳಗೇ ಕೂರುವಂಥವು. ಅವುಗಳ ಬಗ್ಗೆ ನನ್ನ ತಕರಾರಿಲ್ಲ, ಸರಿಯಾಗಿ ಎಣ್ಣೆ ಹಚ್ಚಿ ನೋಡಿಕೊಂಡರೆ. ನನ್ನ ತಕರಾರು 'ಪಿಕಪ್ ಡಬಲ್' ಅನ್ನುವ ಬಾಯಿಯ ಬಗ್ಗೆ. ಮುಂದಿನ ಸಲ ಯಾರಾದರೂ ಹಾಗೆ ಅಂದರೆ ಮೂರು ಮಾತು ಕೇಳಿ: ಎಲ್ಲಿ ಅಳೆದಿರಿ? ಕಾಗದ ಎಲ್ಲಿ? ಎಂಜಿನ್ ಹೋದರೆ ಯಾರು ಕಟ್ಟುತ್ತೀರಿ, ಬಿಲ್ಲಿನ ಮೇಲೆ ಬರೆದು ಕೊಡುತ್ತೀರಾ?

ರಿಪೇರಿ ಮುಗಿದ ಮೇಲೆ ತಮ್ಮ ಹಳೆಯ ಏರ್ ಬಾಕ್ಸ್ ವಾಪಸ್ ಕೂರಿಸಲು ಒಪ್ಪಿದ. ಇಬ್ಬರೂ ಅದೇ ಅಂಗಡಿಗೆ ಹೋದೆವು. ಬಿಚ್ಚಿದ ದಿನ ಅದನ್ನು ಅಲ್ಲೇ ಬಿಟ್ಟು ಬಂದಿದ್ದನಂತೆ. ಅಂಗಡಿಯವನು ಕಪಾಟಿನ ಕಡೆ ನೋಡಿ, ಸ್ವಲ್ಪ ಯೋಚಿಸಿ, "ಅದಾ? ಅದು ಹೋತಲ್ಲೋ, ಒಬ್ಬ ಹುಡುಗ ಎಂಜಿನ್ ಹೊಗಿ ಬರ್ತೈತಿ ಅಂತ ಬಂದಿದ್ದ, ಅವಂಗ 1,200ಕ್ಕ ಹಾಕಿ ಕೊಟ್ಟೆ" ಅಂದ.